ಟಾಪರ್ ಪಟ್ಟಿ, ಜಿಲ್ಲಾವಾರು ಸ್ಥಾನ: ಇನ್ನು ಸಾಕೇ?

ಎಸ್ಸೆಸ್ಸೆಲ್ಸಿ ಫಲಿತಾಂಶದ ಜೊತೆಗೆ ಟಾಪರ್‌ಗಳ ಹೆಸರನ್ನೂ ಜಿಲ್ಲೆಗಳ ಸ್ಥಾನವನ್ನೂ ಪ್ರಕಟಿಸುವ ರೂಢಿ ಮಕ್ಕಳ ಮನಸ್ಸಿನ ಮೇಲೆ ಹೊರೆಯಾಗಿದೆ, ಅದು ನಿಲ್ಲಬೇಕು ಎಂಬ ಮಾತಿದೆ. ನಿಲ್ಲಬೇಕೇ?

ಪರ: ಗೆದ್ದವರನ್ನೂ ಅಳಿಸುವ ಪಟ್ಟಿ

ಫೇಲಾದ ಮಗುವಿನ ನೋವಿನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾ ಬಂದ ನನಗೆ ಹೆಚ್ಚು ದಿಗಿಲಾಗುವುದು ಚೆನ್ನಾಗಿ ಪಾಸಾದವರ ಮುಖ ಕಂಡು. ಫಲಿತಾಂಶದ ದಿನ ಶಿಕ್ಷಕರ ಕೊಠಡಿಯ ಕಂಪ್ಯೂಟರಿನಲ್ಲಿ ನೋಂದಣಿ ಸಂಖ್ಯೆ, ಜನ್ಮದಿನಾಂಕ ಒತ್ತಿದ ವಿದ್ಯಾರ್ಥಿನಿಯೊಬ್ಬಳಿಗೆ 625ಕ್ಕೆ 604 ಬಂದಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಕೆ ಪರದೆಯಿಂದ ಕಣ್ಣು ತೆಗೆಯದೆ, ‘ಸರ್, ಸಮಾಜ ವಿಜ್ಞಾನದಲ್ಲಿ 91 ಎಂದು ಅಮ್ಮನಿಗೆ ನೀವೇ ಹೇಳುತ್ತೀರಾ?’ ಎಂದು ಕೇಳಿದಳು. ಕೆಲವು ದಿನಗಳಲ್ಲಿ ಬಸ್ ನಿಲ್ದಾಣದ ಎದುರು ಶಾಲೆಯ ಫ್ಲೆಕ್ಸ್ ಎದ್ದಿತು. 610 ದಾಟಿದವರಿಗೆ ಮಾತ್ರ ಫೋಟೊ ಎಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಶೇ 96ಕ್ಕಿಂತ ಹೆಚ್ಚು ಅಂಕ ತೆಗೆದ ಹುಡುಗಿ ಆ ದಾರಿಯನ್ನೇ ಬಿಟ್ಟು, ಮಾರುಕಟ್ಟೆಯ ಹಿಂದಿನಿಂದ ಸುತ್ತು ಹಾಕಿಕೊಂಡು ಓಡಾಡತೊಡಗಿದಳು. ಇದನ್ನು ಸ್ಫೂರ್ತಿ ಎಂದು ಕರೆಯಲು ನನ್ನಿಂದಾಗದು.

ಅಷ್ಟಕ್ಕೂ ಆ ಆರು ಅಂಕಗಳ ಅಂತರ ಎಷ್ಟು ಗಟ್ಟಿ? 625ರಲ್ಲಿ 125 ಅಂಕ ಆಂತರಿಕ ಮೌಲ್ಯಮಾಪನದ್ದು, ನಾವೇ ಶಾಲೆಯಲ್ಲಿ ಕೊಡುವಂಥದ್ದು. ಕೊಡುವಾಗ ಕೈ ಬಿಗಿ ಹಿಡಿಯುವವರು ಕಡಿಮೆ. ಉಳಿದ 500ಕ್ಕೆ ಬೇಸಿಗೆಯ ಸೆಕೆಯಲ್ಲಿ ಕಂತೆಗಟ್ಟಲೆ ಉತ್ತರ ಪತ್ರಿಕೆಗಳ ಮೌಲ್ಯಮಾಪನ ನಡೆಯುತ್ತದೆ. ಪ್ರತಿ ತರಿಸಿಕೊಂಡು ಮರುಮೌಲ್ಯಮಾಪನಕ್ಕೆ ಹಾಕಿದ ಮೇಲೆ ಅಂಕ ಏರಿ ಹೊಸ ಟಾಪರ್‌ಗಳು ಹುಟ್ಟಿಕೊಳ್ಳುವುದುಂಟು. ಅಷ್ಟರಲ್ಲಿ ಸನ್ಮಾನಗಳು ಮುಗಿದಿರುತ್ತವೆ.

ಜಿಲ್ಲಾ ಪಟ್ಟಿಯದು ಇನ್ನೊಂದು ಕಾಟ. 2025ರಲ್ಲಿ ಪಾಸಾದವರು ದಕ್ಷಿಣ ಕನ್ನಡದಲ್ಲಿ ಶೇ 91.12, ಕಲಬುರಗಿಯಲ್ಲಿ ಶೇ 42.43. ಪಟ್ಟಿ ಹೊರಬಿದ್ದ ಮೇಲೆ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು ಬಿಇಒಗಳನ್ನು (ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು) ಕೇಳುತ್ತಾರೆ, ಬಿಇಒ ಮುಖ್ಯ ಶಿಕ್ಷಕರನ್ನು, ಮುಖ್ಯ ಶಿಕ್ಷಕರು ನಮ್ಮನ್ನು. ನಾವು ಹಿಡಿಯುವುದು ಮಕ್ಕಳನ್ನು. ಮುಂಜಾನೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಪಾಸಾಗಲು ಬೇಕಾದಷ್ಟನ್ನೇ ಓದಿಸುವ ‘ಪಾಸಿಂಗ್ ಪ್ಯಾಕೇಜ್’. ಹಿಂದುಳಿದವರದೇ ಒಂದು ಗುಂಪು ಮಾಡಿ ಬೇರೆ ಕೋಣೆಯಲ್ಲಿ ಕೂರಿಸಿದಾಗ, ತಾವು ಯಾವ ಗುಂಪಿನವರೆಂಬುದು ಆ ಮಕ್ಕಳಿಗೆ ಮೊದಲ ದಿನವೇ ಗೊತ್ತಾಗುತ್ತದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ದೂರದಿಂದಲೇ ನೇರ ನಿಗಾ) ಬಂದೊಡನೆ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಕುಸಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಸ್ಥಾನದ ಹಟ ಅದುವರೆಗೆ ಏನೇನು ಮಾಡಿಸುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಬಡ ಮಕ್ಕಳಿಗೆ ಪಟ್ಟಿಯಿಂದ ನೆರವು ಸಿಗುತ್ತದೆ ಎನ್ನುತ್ತಾರೆ. ನೆರವು ಕೊಡುವ ಮನಸ್ಸಿದ್ದವರು ಶಾಲೆಗೆ ಬಂದು ಕೇಳಲಿ, ಯಾರಿಗೆ ಕಷ್ಟವಿದೆಯೆಂದು ನಾವು ಹೇಳುತ್ತೇವೆ. ಕ್ಯಾಮೆರಾದ ಎದುರು ಮಾತ್ರ ಕೊಡುವವರಿಗಾಗಿ ಲಕ್ಷಾಂತರ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಬೇಕಾಗಿಲ್ಲ. ಅನಾರೋಗ್ಯಕರ ಪೈಪೋಟಿ ಬೇಡವೆಂದು ಸಿಬಿಎಸ್‌ಇ 2023ರಲ್ಲಿ ಮೆರಿಟ್ ಪಟ್ಟಿಯನ್ನೇ ಪ್ರಕಟಿಸಲಿಲ್ಲ. ಅಲ್ಲಿನ ಮಕ್ಕಳು ಓದುವುದನ್ನು ಬಿಟ್ಟರೇ?

ಟಾಪರ್‌ಗೆ ಸಿಹಿ ತಿನ್ನಿಸುವ ಚಿತ್ರ ಮುಖಪುಟದಲ್ಲಿ ಬರುವ ವಾರದಲ್ಲೇ, ಜೀವ ಕಳೆದುಕೊಂಡ ಮಕ್ಕಳ ಸುದ್ದಿ ಒಳಪುಟದಲ್ಲಿ ಬರುತ್ತದೆ. ಹಗಲಿರುಳು ಕರೆ ಮಾಡಿ ಮನಸ್ಸಿನ ಸಂಕಟ ಹೇಳಿಕೊಳ್ಳಲು ಟೆಲಿ ಮಾನಸ್ ಇದೆ, ಸಂಖ್ಯೆ 14416. ಟಾಪರ್‌ಗಳ ಹೆಸರು ತೆಗೆದು, ಮಕ್ಕಳು ಅಂಕ ನೋಡುವ ಪುಟದಲ್ಲೇ ಆ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಹಾಕಲಿ.

ವಿರೋಧ: ಪಟ್ಟಿ ತೆಗೆದರೆ ಒತ್ತಡ ಹೋಗದು

ಪಟ್ಟಿಯ ಪರವಾಗಿ ಬರೆಯಬೇಕೆಂದು ನನ್ನನ್ನು ಕೇಳಿದ್ದಾರೆ. ಫ್ಲೆಕ್ಸ್‌ಗಳನ್ನು ನಿಷೇಧಿಸಿದರೆ ನನ್ನ ತಕರಾರೇನಿಲ್ಲ. ಆದರೆ ಇಂದು ಪಟ್ಟಿ ಬೇಡ ಎನ್ನುವವರು ನಾಳೆ ಪರೀಕ್ಷೆಯೇ ಬೇಡ ಎನ್ನುತ್ತಾರೆ. 2021ರಲ್ಲಿ ಕೋವಿಡ್‌ನಿಂದಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನದಲ್ಲಿ ಮುಗಿದು ಬಹುತೇಕ ಎಲ್ಲರೂ ಪಾಸಾದರು. ಆ ಮಕ್ಕಳು ಪಿಯುಸಿ ಭೌತವಿಜ್ಞಾನಕ್ಕೆ ಬಂದಾಗ ಪಟ್ಟ ಪಾಡನ್ನು ಪಾಠ ಮಾಡಿದ ನಾನು ನೋಡಿದ್ದೇನೆ.

ಒತ್ತಡ ಹುಟ್ಟುವುದು ಮನೆಯಲ್ಲಿ. 2025ರಲ್ಲಿ ಬಾಗಲಕೋಟೆಯ ತಂದೆತಾಯಿ, ಆರೂ ವಿಷಯಗಳಲ್ಲಿ ಫೇಲಾದ ಮಗನಿಗೆ ಕೇಕ್ ಕತ್ತರಿಸಿ ಧೈರ್ಯ ತುಂಬಿದರು. ಪಟ್ಟಿ ಆ ವರ್ಷವೂ ಬಂದಿತ್ತು. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಒಮ್ಮೆ ಎಡವಿದವರು ವರ್ಷ ಕಳೆದುಕೊಳ್ಳಬೇಕಿಲ್ಲ.

ನನ್ನ ಮನಸ್ಸಿನಲ್ಲಿರುವುದು ಯಾದಗಿರಿ ಕಡೆಯ ನಮ್ಮೂರಿನ ಹುಡುಗಿಯೊಬ್ಬಳು. ತಂದೆ ತೊಗರಿ ಹೊಲಗಳಲ್ಲಿ ಕೂಲಿ. ಪರೀಕ್ಷೆ ಮುಗಿಯುವ ಮೊದಲೇ ಮನೆಯಲ್ಲಿ ಮದುವೆಯ ಮಾತು ಎದ್ದಿತ್ತು. ತಾಲ್ಲೂಕಿಗೆ ಮೊದಲ ಸ್ಥಾನ ಬಂತು, ಪತ್ರಿಕೆಯಲ್ಲಿ ಅಂಚೆಚೀಟಿ ಗಾತ್ರದ ಫೋಟೊ ಬಂತು. ಆ ಹಾಳೆ ಹಿಡಿದುಕೊಂಡು ಪಂಚಾಯಿತಿ ಸದಸ್ಯರು ಮನೆ ಬಾಗಿಲಿಗೆ ಬಂದು ಕುಳಿತರು. ‘ಪೇಪರಿನಲ್ಲಿ ಬಂದ ಹುಡುಗಿಯನ್ನು ಈಗಲೇ ಕಳಿಸಿಬಿಡುತ್ತೀಯಾ?’ ಎಂದು ಕೇಳಿದ್ದಕ್ಕೆ ಆ ತಂದೆಯ ಬಳಿ ಉತ್ತರವಿರಲಿಲ್ಲ. ಕಲಬುರಗಿಯ ಕಾಲೇಜೊಂದು ಶುಲ್ಕವಿಲ್ಲದೆ ಸೇರಿಸಿಕೊಂಡಿತು. ಈಗ ಆಕೆ ಆಸ್ಪತ್ರೆಯೊಂದರಲ್ಲಿ ನರ್ಸ್, ತಮ್ಮನ ಓದಿನ ಖರ್ಚೂ ಆಕೆಯದೇ. ಪಟ್ಟಿ ಇಲ್ಲದಿದ್ದರೆ ಆ ಮನೆಗೆ ಯಾರು ಹೋಗುತ್ತಿದ್ದರು?

ಜಿಲ್ಲೆಗಳ ಅಂಕಿಯ ವಿಷಯದಲ್ಲಂತೂ ನಾನು ಹಿಂದೆ ಸರಿಯಲಾರೆ. ಕಲಬುರಗಿ, ಯಾದಗಿರಿ ಕೊನೆಯಲ್ಲಿವೆ ಎಂದು ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುವುದರಿಂದಲೇ ಕಲ್ಯಾಣ ಕರ್ನಾಟಕದ ಖಾಲಿ ಶಿಕ್ಷಕ ಹುದ್ದೆಗಳ ಮಾತು ಬೆಂಗಳೂರಿನಲ್ಲಿ ಏಳುತ್ತದೆ. ಮಕ್ಕಳ ಹೆಸರುಗಳನ್ನು ಬೇಕಾದರೆ ಕೈಬಿಡಿ. ಜಿಲ್ಲೆಗಳ ಅಂಕಿಯನ್ನು ಮುಚ್ಚಿಡಬೇಡಿ.