ಟಿವಿಯ ಅತಿ ಉಪಚಾರ

ಕಲಬುರಗಿಯ ಮೇ ತಿಂಗಳಲ್ಲಿ ಬೆಳಿಗ್ಗೆ ಹತ್ತಾದ ಮೇಲೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಬಿಸಿಲು 42 ಡಿಗ್ರಿ ದಾಟಿತೆಂದರೆ ಕ್ರಿಕೆಟ್ ಬ್ಯಾಟು ಬಾಗಿಲ ಹಿಂದೆ ಸೇರುತ್ತದೆ. ಕೂಲರ್‌ಗೆ ನೀರು ತುಂಬಿಸಿ, ಕಿಟಕಿಗೆ ಪರದೆ ಎಳೆದು, ಇಡೀ ಮನೆ ಹಾಲ್‌ನಲ್ಲಿ ಬಂದು ಬೀಳುತ್ತದೆ. ಟಿವಿ ಇರುವುದೂ ಅಲ್ಲೇ. ರಜೆಗೆ ಬಂದ ಹುಡುಗರಲ್ಲಿ ಒಬ್ಬ ಲ್ಯಾಪ್‌ಟಾಪು, ಎಚ್‌ಡಿಎಂಐ ಕೇಬಲ್ಲು ಹಿಡಿದುಕೊಂಡು ಬಂದೇ ಬರುತ್ತಾನೆ. "ಕಾಕಾ, ದೊಡ್ಡ ಟಿವಿದಾಗ ಗೇಮ್ ಆಡೂಣೇನ್ರಿ?"

ಕೇಬಲ್ ಚುಚ್ಚಿದ ಕೂಡಲೇ ಚಿತ್ರ ಬರುತ್ತದೆ. ಪೂರ್ತಿ ಬರುವುದು ಮಾತ್ರ ಅಪರೂಪ. ವಿಂಡೋಸ್‌ನ ಕೆಳಗಿನ ಪಟ್ಟಿ ಅರ್ಧ ಕಾಣುತ್ತದೆ, ಗಡಿಯಾರ ಟಿವಿಯ ಚೌಕಟ್ಟಿನ ಹಿಂದೆಲ್ಲೋ ಓಡುತ್ತಿರುತ್ತದೆ. ಸಿನಿಮಾ ನೋಡುವಾಗ ಅಂಚು ಚೂರು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಯಕ ಹೇಗೂ ನಡುವೆಯೇ ನಿಂತಿರುತ್ತಾನಲ್ಲ. ಗೇಮ್‌ನಲ್ಲಿ ಹಾಗಲ್ಲ, ಮುಖ್ಯವಾದದ್ದೆಲ್ಲ ಮೂಲೆ ಹಿಡಿದು ಕೂತಿರುತ್ತದೆ. ಎಷ್ಟು ಗುಂಡು ಉಳಿದಿವೆ, ಗಾಡಿ ಎಷ್ಟು ಸ್ಪೀಡಿನಲ್ಲಿದೆ, ವೈರಿ ಯಾವ ಕಡೆಯಿಂದ ಬರುತ್ತಿದ್ದಾನೆ, ಎಲ್ಲ ಮೂಲೆಯಲ್ಲೇ. ನಮ್ಮ ಮನೆಯಲ್ಲಿ ಕ್ರಿಕೆಟ್ ಗೇಮ್ ನಡೆದಾಗ ಕೇಳಿದ ಮಾತು ಇದು:

"ಗೆಲ್ಲಾಕ ಎಷ್ಟ್ ಬೇಕಲೇ?"

"ಯಾರಿಗ್ ಗೊತ್ತು, ಸ್ಕೋರ್ ಟಿವಿ ನುಂಗ್ಯದ. ನೀ ಸುಮ್ನೆ ಸಿಕ್ಸ್ ಹೊಡಿ."

ಹೀಗೆ ಅಂಚು ನುಂಗುವುದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಇದು ಕೆಟ್ಟುಹೋದ ಟಿವಿಯ ಲಕ್ಷಣ ಅಲ್ಲ, ಹಳೇ ಡಬ್ಬಾ ಟಿವಿಯ ಕಾಲದಿಂದ ಬಂದ ಅಭ್ಯಾಸ. ಆ ಟಿವಿಗಳಲ್ಲಿ ಹಿಂದಿನಿಂದ ಎಲೆಕ್ಟ್ರಾನ್ ಕಿರಣ ಬಂದು ಗಾಜಿನ ಮೇಲೆ ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತಿತ್ತು. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿತಲ್ಲ, ಆಗ ನಮ್ಮ ದೇಶಕ್ಕೆ ಬಂದದ್ದು ಪಾಲ್ ಅನ್ನುವ ಬಣ್ಣದ ಪ್ರಸಾರ ಪದ್ಧತಿ. ಅದರಲ್ಲಿ ಒಟ್ಟು 625 ಗೆರೆ, ಚಿತ್ರಕ್ಕೆ ಸಿಗುವುದು 576. ಆದರೆ ಕಿರಣ ಅಂಚಿಗೆ ಹೋದ ಹಾಗೆ ಸೊಟ್ಟಗಾಗುತ್ತಿತ್ತು. ಕರೆಂಟು ಇಳಿದರೆ ಚಿತ್ರವೂ ಕುಗ್ಗುತ್ತಿತ್ತು. ನಮ್ಮ ಕಡೆಯ ವೋಲ್ಟೇಜ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟಿವಿ ಪಕ್ಕದಲ್ಲಿ ಸ್ಟೆಬಿಲೈಸರ್ ಇಲ್ಲದ ಮನೆಯಲ್ಲಿ ಸಂಜೆ ಹೊತ್ತಿಗೆ ಚಿತ್ರದ ಸುತ್ತ ಕಪ್ಪು ಅಂಚು ಮೂಡುತ್ತಿತ್ತು. ಅದು ಕಾಣಬಾರದು ಅಂತ ಕಂಪನಿಗಳು ಚಿತ್ರವನ್ನು ಗಾಜಿಗಿಂತ ಒಂದಿಷ್ಟು ದೊಡ್ಡದಾಗಿಯೇ ಬಿಡಿಸುವಂತೆ ಮಾಡಿಟ್ಟವು. ಸ್ಟುಡಿಯೋದವರಿಗೂ ಇದು ಗೊತ್ತಿತ್ತು. ಅಕ್ಷರ, ಮುಖ ಎಲ್ಲವನ್ನೂ ನಡುವಿಗೆ ಸರಿಸಿಕೊಂಡೇ ಕಾರ್ಯಕ್ರಮ ಮಾಡುತ್ತಿದ್ದರು.

ಈಗ ಗೋಡೆಗೆ ನೇತು ಹಾಕುವ ಚಪ್ಪಟೆ ಟಿವಿಯಲ್ಲಿ ಕಿರಣವೂ ಇಲ್ಲ, ಸೊಟ್ಟವೂ ಇಲ್ಲ. ಲೆಕ್ಕ ಮಾಡಿ ಜೋಡಿಸಿಟ್ಟ ಚುಕ್ಕಿಗಳಿವೆ. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080. ಲ್ಯಾಪ್‌ಟಾಪ್ ಕಳಿಸುವುದೂ ಅಷ್ಟೇ ಚುಕ್ಕಿ. ಒಂದಕ್ಕೊಂದು ಕೂಡಿಸಿದರೆ ಕೆಲಸ ಮುಗಿಯಿತು. ಆದರೂ ಎಷ್ಟೋ ಟಿವಿಗಳು ಚಿತ್ರವನ್ನು ಚೂರು ಹಿಗ್ಗಿಸಿ, ಸುತ್ತಲಿನ ಅಂಚನ್ನು ಕತ್ತರಿಸಿಯೇ ತೋರಿಸುತ್ತವೆ. ಹಿಗ್ಗಿಸಿದ ಮೇಲೆ ಲ್ಯಾಪ್‌ಟಾಪಿನ ಒಂದು ಚುಕ್ಕಿ ಟಿವಿಯ ಒಂದು ಚುಕ್ಕಿಯ ಮೇಲೆ ಕೂರುವುದಿಲ್ಲ, ಎರಡರ ನಡುವೆ ಹಂಚಿಹೋಗುತ್ತದೆ. ಅಂಚು ಹೋಗುವುದರ ಜೊತೆಗೆ ಅಕ್ಷರ ಮಬ್ಬಾಗುವುದು ಇದರಿಂದಲೇ. ಜನ ಇವೆರಡನ್ನೂ ಬೇರೆ ಬೇರೆ ರೋಗ ಅಂದುಕೊಂಡು ಎರಡು ಔಷಧಿ ಹುಡುಕುತ್ತಾರೆ.

ನಮ್ಮ ಕಡೆ ಊಟಕ್ಕೆ ಕೂತವರು ಸಾಕು ಅಂದಾಗಲೇ ತಾಟಿಗೆ ಇನ್ನೊಂದು ಜೋಳದ ರೊಟ್ಟಿ ಬೀಳುತ್ತದೆ. ಕೈ ಅಡ್ಡ ಹಿಡಿದರೆ ಕೈ ಸರಿಸಿ ಶೇಂಗಾ ಹಿಂಡಿಯನ್ನೂ ಹಾಕುತ್ತಾರೆ. ಟಿವಿಯದೂ ಇದೇ ಸ್ವಭಾವ. ಕೇಳದಿದ್ದರೂ ಹಿಗ್ಗಿಸುತ್ತದೆ, ಕೇಳದಿದ್ದರೂ ಅಂಚುಗಳನ್ನು ತಿದ್ದಿ ಹೊಳೆಸುತ್ತದೆ, ಬಣ್ಣ ಏರಿಸುತ್ತದೆ, ಓಡುವ ಚಿತ್ರಕ್ಕೆ ನಡುನಡುವೆ ತನ್ನದೇ ಚಿತ್ರ ಸೇರಿಸುತ್ತದೆ. ದೂರದಲ್ಲಿ ಕೂತು ಸೀರಿಯಲ್ ನೋಡುವವರಿಗೆ ಇದೆಲ್ಲ ಹಿತವೇ. ಗೇಮ್ ಆಡುವವನಿಗೆ ಬೇಕಾದದ್ದು, ಕಳಿಸಿದ್ದನ್ನು ಕಳಿಸಿದ ಹಾಗೇ ತೋರಿಸುವ ಟಿವಿ. ಅದಕ್ಕೇ ಈ ರಿಪೇರಿಯಲ್ಲಿ ಹೊಸದಾಗಿ ಹಾಕುವುದು ಏನೂ ಇರುವುದಿಲ್ಲ. ಟಿವಿಯ ಒಂದೊಂದೇ ಸೇವೆ ನಿಲ್ಲಿಸುತ್ತಾ ಹೋಗಬೇಕು, ಅಷ್ಟೇ.

ಮೊದಲು ನಿಲ್ಲಿಸಬೇಕಾದದ್ದು ಓವರ್‌ಸ್ಕ್ಯಾನ್. ಚಿತ್ರದ ಆಕಾರದ ಮೆನುವಿನಲ್ಲಿ ಅದು ಸಿಗುತ್ತದೆ, ಆದರೆ ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರಿನಲ್ಲಿ. ಎಲ್‌ಜಿಯವರು ಜಸ್ಟ್ ಸ್ಕ್ಯಾನ್ ಅನ್ನುತ್ತಾರೆ, ಸ್ಯಾಮ್‌ಸಂಗ್‌ನವರು ಸ್ಕ್ರೀನ್ ಫಿಟ್, ಸೋನಿಯವರು ಫುಲ್ ಪಿಕ್ಸೆಲ್. ಕೆಲವರು ಡಾಟ್ ಬೈ ಡಾಟ್ ಅಂತ ನೇರವಾಗಿ ಬರೆದಿರುತ್ತಾರೆ. ಹುಡುಗರು ಟಿವಿಯ ಮೆನು ಬಿಟ್ಟು ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡಿನ ಮೆನುವಿಗೆ ನುಗ್ಗುತ್ತಾರೆ. ಅಲ್ಲೂ ಚಿತ್ರವನ್ನು ಸಣ್ಣದು ಮಾಡುವ ಗುಂಡಿ ಇದೆ, ಅಂಚುಗಳೂ ಒಳಗೆ ಬರುತ್ತವೆ. ಆದರೆ ಲ್ಯಾಪ್‌ಟಾಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಟಿವಿ ಅದನ್ನೇ ಮತ್ತೆ ಹಿಗ್ಗಿಸುತ್ತದೆ. ಎರಡು ಸಲ ಎಳೆದಾಡಿದ ಅಕ್ಷರ ಹೇಗಿರುತ್ತದೆ, ನೀವೇ ಯೋಚಿಸಿ. ಟಿವಿಯಲ್ಲಿ ಆಯ್ಕೆ ಇಲ್ಲವೇ ಇಲ್ಲ ಅಂದಾಗ ಮಾತ್ರ ಆ ದಾರಿ.

ಇನ್ನು 32 ಇಂಚಿನ ಟಿವಿಗಳ ಕಥೆ. ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರದ ಕಡೆ ಯಾವುದೇ ಅಂಗಡಿಯಲ್ಲಿ ವಿಚಾರಿಸಿದರೂ, "ಫುಲ್ ಎಚ್‌ಡಿ ಸಪೋರ್ಟ್ ಮಾಡ್ತದ್ರಿ" ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. ಫುಲ್ ಎಚ್‌ಡಿ ಚಿತ್ರ ಕೊಟ್ಟರೆ ಟಿವಿ ಬೇಡ ಅನ್ನುವುದಿಲ್ಲ, ಅಷ್ಟರ ಮಟ್ಟಿಗೆ ಖರೇ. ಆದರೆ ಎಚ್‌ಡಿ ರೆಡಿ ಅಂತ ಬರೆದಿದ್ದರೆ ಅದರ ಗಾಜಿನ ಹಿಂದೆ ಸಾಮಾನ್ಯವಾಗಿ ಇರುವುದು 1366 ಗುಣಿಸು 768, ಅಂದರೆ ಹತ್ತೂವರೆ ಲಕ್ಷದ ಹತ್ತಿರ ಚುಕ್ಕಿ. ಫುಲ್ ಎಚ್‌ಡಿಯಲ್ಲಿ ಇಪ್ಪತ್ತು ಲಕ್ಷದ ಮೇಲಿವೆ. ಇಪ್ಪತ್ತು ಲಕ್ಷದ ಚಿತ್ರವನ್ನು ಹತ್ತು ಲಕ್ಷದ ಜಾಗದಲ್ಲಿ ಹಿಡಿಸಬೇಕಾದರೆ ಸಣ್ಣ ಅಕ್ಷರಗಳು ಉಸಿರುಗಟ್ಟುತ್ತವೆ.

ಆ 1366 ಅನ್ನುವ ಸಂಖ್ಯೆಯೂ ವಿಚಿತ್ರದ್ದೇ. ಎಂಟರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ಹಳೇ ಗ್ರಾಫಿಕ್ಸ್ ಕಾರ್ಡುಗಳಿಗೆ ಎಂಟರ ಲೆಕ್ಕವೇ ಬೇಕಾಗಿದ್ದರಿಂದ ಅವು 1360 ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದವು. ಉಳಿದ ಆರು ಚುಕ್ಕಿಯ ಜಾಗವನ್ನು ಟಿವಿ ಒಂದೋ ಖಾಲಿ ಬಿಡುತ್ತಿತ್ತು, ಇಲ್ಲಾ ಎಳೆದು ತುಂಬುತ್ತಿತ್ತು. ಇಂಥ ಟಿವಿಗೆ ನಾನಂತೂ ಗೇಮಿನಲ್ಲಿ 1280 ಗುಣಿಸು 720 ಇಡಿ ಅನ್ನುತ್ತೇನೆ. ಹುಡುಗರಿಗೆ ಇದು ಅವಮಾನದ ಮಾತು. ಆದರೆ ಚುಕ್ಕಿ ಫುಲ್ ಎಚ್‌ಡಿಯ ಅರ್ಧಕ್ಕಿಂತ ಕಡಿಮೆ ಆದ್ದರಿಂದ ಹಳೇ ಲ್ಯಾಪ್‌ಟಾಪೂ ಆರಾಮಾಗಿ ಓಡುತ್ತದೆ. 32 ಇಂಚಿನ ಟಿವಿಯಿಂದ ಏಳೆಂಟು ಅಡಿ ದೂರ ಕೂತರೆ ಸಾಮಾನ್ಯ ಕಣ್ಣಿಗೆ ಆ ಚುಕ್ಕಿಗಳ ವ್ಯತ್ಯಾಸ ಬಹಳ ತಿಳಿಯುವುದೂ ಇಲ್ಲ. ಚಿತ್ರ ತಡವರಿಸಿದರೆ ಮಾತ್ರ ಅಡುಗೆಮನೆಯಲ್ಲಿ ಇದ್ದವರಿಗೂ ತಿಳಿಯುತ್ತದೆ, ಹುಡುಗರ ಕೂಗಿನಿಂದ.

ಕೆಲವೊಮ್ಮೆ ಟಿವಿಯದು ಏನೂ ತಪ್ಪಿರುವುದಿಲ್ಲ. ಲ್ಯಾಪ್‌ಟಾಪಿನ ಪರದೆ, ಟಿವಿ ಎರಡರಲ್ಲೂ ಒಂದೇ ಚಿತ್ರ ಬರುವ ಹಾಗೆ ಡ್ಯೂಪ್ಲಿಕೇಟ್ ಇಟ್ಟಿರುತ್ತಾರೆ. ಇಬ್ಬರಿಗೂ ಒಪ್ಪುವ ಒಂದು ಅಳತೆಗೆ ವಿಂಡೋಸ್ ರಾಜಿ ಮಾಡಿಸುತ್ತದೆ. ರಾಜಿಯಲ್ಲಿ ಸೋಲುವುದು ಎಷ್ಟೋ ಸಲ ದೊಡ್ಡ ಟಿವಿಯೇ. ವಿಂಡೋಸ್ ಕೀ ಜೊತೆ ಪಿ ಒತ್ತಿ, ಸೆಕೆಂಡ್ ಸ್ಕ್ರೀನ್ ಓನ್ಲಿ ಅಂತ ಮಾಡಿದರೆ ಟಿವಿ ತನ್ನ ಅಳತೆ ತಾನೇ ಹೇಳುತ್ತದೆ. ಹೌದು, ಟಿವಿ ಹೇಳುತ್ತದೆ. ಕೇಬಲ್ ಚುಚ್ಚಿದಾಗಲೇ ತನಗೆ ಯಾವ ಯಾವ ಅಳತೆ ನಡೆಯುತ್ತದೆ ಅನ್ನುವ ಪಟ್ಟಿಯನ್ನು ಆ ಕೇಬಲ್ ಮೂಲಕವೇ ಲ್ಯಾಪ್‌ಟಾಪಿಗೆ ಕಳಿಸಿರುತ್ತದೆ.

ಪಟ್ಟಿಯಲ್ಲಿ ಇಲ್ಲದ್ದನ್ನು ಕೊಟ್ಟರೆ ಟಿವಿ ಕಪ್ಪಗಾಗುತ್ತದೆ. ಮೋಡ್ ನಾಟ್ ಸಪೋರ್ಟೆಡ್ ಅನ್ನುವ ಒಂದು ಸಣ್ಣ ಡಬ್ಬಿ ನಡುವೆ ಬಂದು ನಿಲ್ಲುತ್ತದೆ. ಹುಡುಗರ ಮುಖ ಆಗ ನೋಡಬೇಕು. ಒಬ್ಬ ಕೇಬಲ್ ಕೀಳುತ್ತಾನೆ, ಒಬ್ಬ ರಿಮೋಟಿನ ಎಲ್ಲಾ ಗುಂಡಿ ಒತ್ತುತ್ತಾನೆ, ಮತ್ತೊಬ್ಬ, "ಟಿವಿ ಸುಟ್ಟೋತು, ನಾ ಏನೂ ಮುಟ್ಟಿಲ್ಲ" ಅನ್ನುತ್ತಾ ಬಾಗಿಲ ಕಡೆ ಸರಿಯುತ್ತಾನೆ. ನಮ್ಮ ವೈನಿ ತೊಗರಿಬೇಳೆ ಆರಿಸುತ್ತಾ ಕೂತಲ್ಲಿಂದಲೇ ಹೇಳುತ್ತಾರೆ, "ಸುಮ್ ಕೂಡ್ರಿ, ಅದೇ ಬರ್ತದ." ಬರುತ್ತದೆ ಕೂಡ. ವಿಂಡೋಸ್‌ನಲ್ಲಿ ಅಳತೆ ಬದಲಾಯಿಸಿ ಯಾರೂ ಹೂಂ ಅನ್ನದಿದ್ದರೆ 15 ಸೆಕೆಂಡಿಗೆ ತಾನೇ ಹಳೇ ಅಳತೆಗೆ ಮರಳುತ್ತದೆ. ಗಾಬರಿಯಲ್ಲಿ ಸಿಕ್ಕ ಸಿಕ್ಕ ಕೀ ಒತ್ತಿದರೆ ಕೆಲವೊಮ್ಮೆ ಅದನ್ನೇ ಒಪ್ಪಿಗೆ ಅಂದುಕೊಂಡುಬಿಡುತ್ತದೆ. ಪ್ಲೇಸ್ಟೇಷನ್ ಇದ್ದವರಿಗೆ ಬೇರೆ ದಾರಿ. ಪೂರ್ತಿ ಆಫ್ ಮಾಡಿ, ಪವರ್ ಗುಂಡಿಯನ್ನು ಎರಡನೇ ಬೀಪ್ ಕೇಳುವ ತನಕ ಒತ್ತಿ ಹಿಡಿದರೆ ಸೇಫ್ ಮೋಡ್ ಬರುತ್ತದೆ, ಅಲ್ಲಿಂದ ಅಳತೆ ಬದಲಾಯಿಸಬಹುದು. ಸುಮಾರು ಏಳು ಸೆಕೆಂಡ್ ಅಷ್ಟೇ. ಹುಡುಗರಿಗೆ ಆ ಏಳು ಸೆಕೆಂಡ್ ಬೆರಳು ಎತ್ತದೆ ಇರುವುದೇ ದೊಡ್ಡ ಪರೀಕ್ಷೆ.

ಫೋರ್‌ಕೆ, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿಯ ಟಿವಿ ಬಂದ ಮನೆಗಳಲ್ಲಿ ತಕರಾರು ಬೇರೆ. ಚಿತ್ರ ಕಣ್ಣಿಗೆ ಹಬ್ಬ, ಮೌಸ್ ಮಾತ್ರ ಎಳೆದ ಕಡೆ ಜಲ್ದಿ ಬರುವುದಿಲ್ಲ. ಕಾರಣ, ಎಚ್‌ಡಿಎಂಐನ ಹಳೇ ಆವೃತ್ತಿ 1.4 ಫೋರ್‌ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. 2013ರಲ್ಲಿ ಬಂದ 2.0ಕ್ಕೆ 60 ಸಲ ಆಗುತ್ತದೆ. ಲ್ಯಾಪ್‌ಟಾಪು, ಕೇಬಲ್ಲು, ಟಿವಿಯ ಪೋರ್ಟು ಮೂರಕ್ಕೂ ಆ ವೇಗ ತಾಳುವ ಶಕ್ತಿ ಇರಬೇಕು. ಮೂರರಲ್ಲಿ ಒಂದಕ್ಕೆ ಆಗದಿದ್ದರೂ ಉಳಿದೆರಡರ ರೊಕ್ಕ ಖಾಲಿಪೀಲಿ.

ಇದರ ಜೊತೆ ಟಿವಿಯಲ್ಲಿ ಗೇಮ್ ಮೋಡ್ ಅಂತ ಒಂದಿರುತ್ತದೆ. ಇದನ್ನು ಮಾತ್ರ ಮರೆಯಬೇಡಿ. ಟಿವಿ ಒಂದೊಂದು ಚಿತ್ರವನ್ನೂ ತಿದ್ದಿ ತೀಡಿ ತೋರಿಸುವ ಹೊತ್ತಿಗೆ ಒಂದಿಷ್ಟು ತಡವಾಗುತ್ತದೆ. ನೀವು ಹಾರುವ ಗುಂಡಿ ಒತ್ತುತ್ತೀರಿ, ಪರದೆಯ ಮನುಷ್ಯ ಹೊಂಡದೊಳಗೆ ಬಿದ್ದ ಮೇಲೆ ಹಾರುತ್ತಾನೆ. ಗೇಮ್ ಮೋಡ್ ಹಾಕಿದರೆ ಆ ತಿದ್ದುವ ಕೆಲಸದಲ್ಲಿ ಬಹುಪಾಲು ನಿಲ್ಲುತ್ತದೆ. ಹಾಕಿದ ಮೇಲೆ ಚಿತ್ರ ಸ್ವಲ್ಪ ಸಪ್ಪೆ ಕಾಣಬಹುದು. ಶೋರೂಮಿನ ಹೊಳಪಿಗೆ ಒಗ್ಗಿದ ಕಣ್ಣು ಅದು. ಎರಡು ದಿನ ಬಿಟ್ಟರೆ ಸರಿಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಹುಡುಗರ ಸಮಸ್ಯೆ ಮುಗಿದು ಹಿರಿಯರದು ಶುರುವಾಯಿತು. ಅಣ್ಣನ ಮಗ ಉತ್ಸಾಹದಲ್ಲಿ ಸೆಟ್ ಟಾಪ್ ಬಾಕ್ಸಿನ ಮೆನುವಿಗೂ ಹೋಗಿ, ಅಲ್ಲೂ ಚಿತ್ರವನ್ನು ಎಳೆಯುವುದನ್ನು ನಿಲ್ಲಿಸಿಬಿಟ್ಟಿದ್ದ. ಮಧ್ಯಾಹ್ನ ನಮ್ಮಪ್ಪ, ಅಂದರೆ ಹುಡುಗರ ಮುತ್ಯಾ, ಕಪ್ಪು ಬಿಳುಪು ಸಿನಿಮಾ ಹಾಕಿಕೊಂಡು ಕೂತರೆ ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟಿ.

"ಇಷ್ಟ್ ರೊಕ್ಕಾ ಕೊಟ್ಟು ದೊಡ್ಡ ಟಿವಿ ತಂದೀವಿ. ಎರಡೂ ಕಡೆ ಯಾಕ ಮುಚ್ಚೀರಿ?"

ಆ ಸಿನಿಮಾ ಇದ್ದದ್ದೇ ಆ ಆಕಾರದಲ್ಲಿ, ಹೆಚ್ಚೂಕಡಿಮೆ ನಾಲ್ಕಕ್ಕೆ ಮೂರು. ಈಗಿನ ಟಿವಿ ಹದಿನಾರಕ್ಕೆ ಒಂಬತ್ತು. ಪಟ್ಟಿ ಬೇಡ ಅಂದರೆ ಚಿತ್ರವನ್ನು ಅಡ್ಡಕ್ಕೆ ಎಳೆಯಬೇಕು, ಎಳೆದರೆ ಪ್ರತಿಯೊಬ್ಬರೂ ಮೂರನೇ ಒಂದು ಭಾಗದಷ್ಟು ಅಗಲವಾಗುತ್ತಾರೆ. ಹುಡುಗ ಇದನ್ನು ನೋಟ್‌ಬುಕ್ಕಿನಲ್ಲಿ ಚೌಕ ಬರೆದು ತೋರಿಸಿದ. ಮುತ್ಯಾ ಚೌಕ ನೋಡಿದರು, ಟಿವಿ ನೋಡಿದರು, ಒಪ್ಪಲಿಲ್ಲ.

ಕೊನೆಗೆ ಟಿವಿಯೇ ದಾರಿ ಕೊಟ್ಟಿತು. ಬಹಳಷ್ಟು ಟಿವಿಗಳು ಚಿತ್ರದ ಸೆಟ್ಟಿಂಗನ್ನು ಪ್ರತಿ ಎಚ್‌ಡಿಎಂಐ ಪೋರ್ಟಿಗೂ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತವೆ. ಒಂದರಲ್ಲಿ ಸೆಟ್ ಟಾಪ್ ಬಾಕ್ಸು, ಎಳೆದು ತುಂಬಿದ ಚಿತ್ರ, ಎಲ್ಲಾ ಉಪಚಾರ ಸಮೇತ. ಎರಡರಲ್ಲಿ ಲ್ಯಾಪ್‌ಟಾಪು, ಗೇಮ್ ಮೋಡು, ಚುಕ್ಕಿಗೆ ಚುಕ್ಕಿ. ಹುಡುಗನಿಗೆ ಮಾತ್ರ ಒಂದನೇ ಪೋರ್ಟು ಕಣ್ಣಿಗೆ ಚುಚ್ಚುತ್ತದೆ. ಹಾದುಹೋಗುವಾಗ ತಡೆಯಲಾರದೆ, "ಮುತ್ಯಾ, ಆಕಿ ಖರೇ ಅಷ್ಟ್ ದಪ್ಪ ಇಲ್ರಿ" ಅಂದ.

"ಉಂಡು ತಿಂದು ಗಟ್ಟಿ ಅದಾಳ, ನಿನಗೇನ್ ತ್ರಾಸು? ನೀ ನಿನ್ ಎರಡನೇದಕ್ಕ ಹೋಗು."