ಅವಮಾನ ಯಾವುದೆಂದು ತೀರ್ಮಾನಿಸುವವರು ಯಾರು?

ಕರ್ತವ್ಯನಿರತ ಸೈನಿಕರನ್ನು ಅವಮಾನಿಸುವವರನ್ನು ಶಿಕ್ಷಿಸಲು ಚೀನಾದಲ್ಲಿರುವಂತೆ ನಮ್ಮಲ್ಲೂ ಪ್ರತ್ಯೇಕ ಕಾನೂನು ಬೇಕೆಂದು ಲೇಖನವೊಂದರಲ್ಲಿ ವಾದಿಸಿದ ಲೇಖಕರ ಕಳಕಳಿ ಅರ್ಥವಾಗುತ್ತದೆ. ಆದರೆ ಆ ಕಾನೂನಿರುವ ದೇಶದಲ್ಲಿ ಏನಾಗಿದೆ ಎಂಬುದನ್ನು ಅವರು ಬರೆದಿಲ್ಲ. ಸೈನಿಕರ ಗೌರವಕ್ಕೆ ಕುಂದು ತರುವುದನ್ನು ನಿಷೇಧಿಸುವ ಆ ಕಾನೂನು 2021ರ ಆಗಸ್ಟ್ 1ರಂದು, ಅಂದರೆ ಅಲ್ಲಿನ ಸೇನೆಯ ಸ್ಥಾಪನಾ ದಿನದಂದೇ ಜಾರಿಗೆ ಬಂತು. 2023ರ ಮೇ ತಿಂಗಳಲ್ಲಿ ಬೀಜಿಂಗ್‌ನ ವೇದಿಕೆಯೊಂದರಲ್ಲಿ ಹಾಸ್ಯ ಕಲಾವಿದರೊಬ್ಬರು, ತಾವು ಸಾಕಿಕೊಂಡ ಎರಡು ಬೀದಿನಾಯಿಗಳು ಅಳಿಲನ್ನು ಅಟ್ಟಿಸಿಕೊಂಡು ಹೋದ ಪರಿಯನ್ನು ಬಣ್ಣಿಸುತ್ತ, ಸೇನೆಯ ಬಗ್ಗೆ ಷಿ ಜಿನ್‌ಪಿಂಗ್ ಬಳಸುವ ಘೋಷಣೆಯ ತುಣುಕೊಂದನ್ನು ಉದ್ಧರಿಸಿದರು. ಯಾವ ಸೈನಿಕನ ಹೆಸರೂ ಅದರಲ್ಲಿ ಇರಲಿಲ್ಲ. ಆದರೂ ಪೊಲೀಸರು ತನಿಖೆ ಆರಂಭಿಸಿದರು. ಅವರ ಕಾರ್ಯಕ್ರಮಗಳನ್ನು ನಡೆಸುತ್ತಿದ್ದ ಕಂಪನಿಗೆ 1.3 ಕೋಟಿ ಯುವಾನ್‌ಗೂ ಹೆಚ್ಚು ದಂಡ ಬಿತ್ತು.

ನಮ್ಮಲ್ಲಿ ಕಾನೂನೇ ಇಲ್ಲವೆಂಬ ಮಾತೂ ಪೂರ್ತಿ ಸರಿಯಲ್ಲ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರರ ಮೇಲೆ ಕೈ ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ, ಅವರಿಗೆ ಅಡ್ಡಿಪಡಿಸುವುದಕ್ಕೆ 221ನೇ ಕಲಂ, ಮಾನಹಾನಿಗೆ 356ನೇ ಕಲಂ ಇವೆ. ಸೈನಿಕರೂ ಇವುಗಳ ರಕ್ಷಣೆಯಿಂದ ಹೊರಗಿಲ್ಲ.

ನನಗೆ ಕಾಡುವ ಸಂಶಯ ಬೇರೆ. 2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ಯೋಧರೊಬ್ಬರು ಸುಟ್ಟ ಪರೋಟವನ್ನೂ ನೀರಿನಂತಿದ್ದ ಬೇಳೆಸಾರನ್ನೂ ಕ್ಯಾಮೆರಾದ ಮುಂದೆ ಹಿಡಿದು ತಮಗೆ ಸಿಗುವ ಊಟದ ಬಗ್ಗೆ ದೂರಿದ್ದರು, ಅದೇ ವರ್ಷ ಸೇವೆಯಿಂದ ವಜಾಗೊಂಡರು. ಅಂಥ ವಿಡಿಯೊವನ್ನು ಹಂಚಿಕೊಂಡು ಮೇಲಧಿಕಾರಿಗಳನ್ನು ಟೀಕಿಸುವ ನಾಗರಿಕನು ಲೇಖಕರು ಬಯಸುವ ಕಾನೂನಿನಡಿ ಸೈನಿಕನ ಪರವಾಗಿ ಮಾತನಾಡಿದವನಾಗುತ್ತಾನೋ ಸೇನೆಯನ್ನು ಅವಮಾನಿಸಿದವನಾಗುತ್ತಾನೋ, ಅವರೇ ಸ್ಪಷ್ಟಪಡಿಸಬೇಕು.