ಕೈ ಕಟ್ಟುವ ಮೊದಲು ಉಸಿರು ನೋಡಿ

ಹೋದ ವರ್ಷ ಫೆಬ್ರವರಿಯಲ್ಲಿ ದೊಡ್ಡಮ್ಮನಿಗೆ ಉಸಿರು ಕಟ್ಟಿ ಐಸಿಯುಗೆ ಸೇರಿಸಿದ್ದಾರೆ ಅಂತ ಫೋನ್ ಬಂತು. ಬ್ರಿಟನ್ನಿನ ಲೀಡ್ಸ್‌ನಿಂದ ಹೊರಟವಳು ಮನೆಗೂ ಹೋಗದೆ ನೇರ ಆಸ್ಪತ್ರೆಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಅವಳ ಕೈಗಳು. ಎರಡೂ ಮಣಿಕಟ್ಟಿಗೆ ಗಾಜ್ ಬಟ್ಟೆ ಸುತ್ತಿ ಮಂಚದ ಕಂಬಿಗೆ ಕಟ್ಟಿದ್ದರು. ಬಳೆ ತೆಗೆದಿದ್ದರು. ಗಂಟಿನ ಕೆಳಗೆ ಚರ್ಮ ಕೆಂಪಾಗಿತ್ತು. ಮುಖಕ್ಕೆ ಆಕ್ಸಿಜನ್ ಮಾಸ್ಕ್. ಗೋಡೆಯ ಮೀಟರಿನೊಳಗಿನ ಗುಂಡು ಹತ್ತು ಲೀಟರ್ ಗೆರೆಯ ಹತ್ತಿರ ನಿಂತಿತ್ತು. ದೊಡ್ಡಮ್ಮ ಕಣ್ಣು ಬಿಟ್ಟು ನನ್ನ ಗುರುತು ಹಿಡಿದಳು. "ನಾನೇನ್ ಕದ್ದಿದ್ನಾ ಮಗಾ? ಕಟ್ಟಾಕವ್ರಲ್ಲ" ಅಂದಳು. ಮತ್ತೆ ಕಣ್ಣು ಮುಚ್ಚಿಹೋಯಿತು.

ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ನಾನು ನರ್ಸ್. ಲೀಡ್ಸ್‌ನಲ್ಲಿ ಶ್ವಾಸಕೋಶದ ವಾರ್ಡಿನಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಓದಿದ್ದು, ಮೊದಲು ಡ್ಯೂಟಿ ಮಾಡಿದ್ದು ಎಲ್ಲ ಕರ್ನಾಟಕದಲ್ಲೇ. ಆಗ ನಾನೂ ಪೇಷಂಟ್‌ಗಳ ಕೈ ಕಟ್ಟಿದ್ದೇನೆ. ಮಾಸ್ಕ್ ಕೀಳುತ್ತಾರೆ, ಡ್ರಿಪ್ ಕೀಳುತ್ತಾರೆ, ಮಂಚದಿಂದ ಇಳಿಯಲು ನೋಡುತ್ತಾರೆ, ಕಟ್ಟು ಅಂತ ಹೇಳುತ್ತಿದ್ದರು. ಕಟ್ಟುತ್ತಿದ್ದೆ. ಗಂಟು ಹೇಗೆ ಹಾಕಬೇಕು ಅಂತ ಕಲಿತೆ. ಈ ಮನುಷ್ಯ ಯಾಕೆ ಮಾಸ್ಕ್ ಕೀಳುತ್ತಿದ್ದಾನೆ ಅಂತ ಒಂದು ದಿನವೂ ಕೇಳಲಿಲ್ಲ. ನನ್ನನ್ನೂ ಯಾರೂ ಕೇಳಲಿಲ್ಲ. ಅದು ತಪ್ಪಾಗಿತ್ತು. ಇದನ್ನು ಬರೆಯಲು ಕೂತದ್ದೂ ಅದಕ್ಕೇ.

ದೊಡ್ಡಮ್ಮ ಬೀಡಿ ಮುಟ್ಟಿದವಳಲ್ಲ. ಐವತ್ತು ವರ್ಷ ಸೌದೆ ಒಲೆ ಊದಿದವಳು. ಅವಳಿಗಿರುವುದು ಸಿಒಪಿಡಿ, ವರ್ಷಗಟ್ಟಲೆ ಕಾಡುವ ಶ್ವಾಸಕೋಶದ ಕಾಯಿಲೆ. ಅದು ಸಿಗರೇಟು ಸೇದುವ ಗಂಡಸರ ಕಾಯಿಲೆ ಅಂತ ತುಂಬಾ ಜನ ತಿಳಿದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಅದು ಒಲೆ ಮುಂದೆ ಕೂತ ಹೆಂಗಸರಿಗೂ ಬರುತ್ತದೆ. ಈ ಕಾಯಿಲೆಯವರಲ್ಲಿ ಕೆಲವರಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೂ ತೊಂದರೆ. ಹೊರಗೆ ಹೋಗಬೇಕಾದ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿದು ರಕ್ತದಲ್ಲಿ ಏರುತ್ತಾ ಹೋಗುತ್ತದೆ. ತಲೆನೋವು ಶುರುವಾಗುತ್ತದೆ. ಕೈ ಅದುರುತ್ತದೆ. ಮಂಪರು ಕವಿಯುತ್ತದೆ, ಮಾತು ತೊದಲುತ್ತದೆ, ಯಾರು ಎಲ್ಲಿ ಅನ್ನುವುದೇ ಗೊತ್ತಾಗುವುದಿಲ್ಲ. ಬೆರಳಿಗೆ ಹಾಕಿದ ಕ್ಲಿಪ್ ಮಾತ್ರ ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 99 ಅಂತ ತೋರಿಸುತ್ತಿರುತ್ತದೆ. ನೋಡುವವರಿಗೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಆ ಕ್ಲಿಪ್ಪಿಗೆ ಕಾರ್ಬನ್ ಡೈಆಕ್ಸೈಡ್ ಕಾಣುವುದಿಲ್ಲ. ಅದು ತಿಳಿಯಬೇಕಾದರೆ ಎಬಿಜಿ ಮಾಡಬೇಕು, ಮಣಿಕಟ್ಟಿನ ರಕ್ತ ತೆಗೆದು ನೋಡಬೇಕು.

ದೊಡ್ಡಮ್ಮನ ಮಾನಿಟರ್‌ನಲ್ಲಿ ಇದ್ದದ್ದೂ 99. ಎಬಿಜಿ ಹಿಂದಿನ ದಿನ ಬೆಳಿಗ್ಗೆ ಮಾಡಿದ್ದರು. ಅವಳು ಮಾಸ್ಕ್ ಕೀಳಲು ಶುರುಮಾಡಿದ್ದು ಅದಾದ ಮೇಲೆ, ರಾತ್ರಿ. ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗ, ಒಳ್ಳೆಯವನು. ಇನ್ನೊಂದು ಸಲ ಎಬಿಜಿ ಮಾಡಿ ಅಂತ ಬೇಡಿಕೊಂಡೆ. ಮಾಡಿದರು. ಕಾರ್ಬನ್ ಡೈಆಕ್ಸೈಡ್ ಬಹಳ ಏರಿತ್ತು. ಆಕ್ಸಿಜನ್ ಇಳಿಸಿ ಬೈಪ್ಯಾಪ್, ಅಂದರೆ ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಯಂತ್ರ, ಹಾಕಿದರು. ಮಾರನೆಯ ದಿನ ಸಂಜೆಗೆ ದೊಡ್ಡಮ್ಮ ರಾಗಿ ಅಂಬಲಿ ಕೇಳಿದಳು. ಮೈಮೇಲೆ ಎಚ್ಚರ ಬಂದ ಮೇಲೆ ಅವಳನ್ನು ಕಟ್ಟುವ ಮಾತೇ ಬರಲಿಲ್ಲ. ಅಂದರೆ ಹಿಂದಿನ ರಾತ್ರಿ ಅವಳು ಹಟ ಮಾಡುತ್ತಿರಲಿಲ್ಲ. ಅವಳ ರಕ್ತ ಕೆಟ್ಟಿತ್ತು, ಅದು ಕೈಯಲ್ಲಿ ಕಾಣುತ್ತಿತ್ತು. ನಾವು ಕೈಯನ್ನೇ ಕಟ್ಟಿದೆವು.

ಬ್ರಿಟನ್ನಿನ ವಾರ್ಡಿನಲ್ಲಿ ಆಕ್ಸಿಜನ್ ಅಂದರೆ ಔಷಧಿ. ಗೋಡೆಯಿಂದ ಬರುತ್ತೆ ಅಂತ ಸುಮ್ನೆ ಹಚ್ಚುವ ಹಾಗಿಲ್ಲ. ಮಾತ್ರೆ ಬರೆಯುವ ಚಾರ್ಟಿನಲ್ಲೇ ಡಾಕ್ಟರ್ ಅದನ್ನು ಬರೆಯಬೇಕು. ಎಷ್ಟು ಲೀಟರ್ ಅಂತ ಮಾತ್ರ ಅಲ್ಲ, ಸ್ಯಾಚುರೇಶನ್ ಎಲ್ಲಿಂದ ಎಲ್ಲಿಯವರೆಗೆ ಇರಬೇಕು ಅಂತಲೂ ಬರೆಯಬೇಕು. ಬ್ರಿಟಿಷ್ ಥೊರಾಸಿಕ್ ಸೊಸೈಟಿ 2008ರಲ್ಲಿ ಇದಕ್ಕೆ ಮಾರ್ಗಸೂಚಿ ಮಾಡಿತು, 2017ರಲ್ಲಿ ಹೊಸದಾಗಿ ಬರೆಯಿತು. ಹೆಚ್ಚಿನ ರೋಗಿಗಳಿಗೆ 94ರಿಂದ 98. ದೊಡ್ಡಮ್ಮನಂಥವರಿಗೆ 88ರಿಂದ 92. ನಮ್ಮ ವಾರ್ಡಿನಲ್ಲಿ ಈ ಎರಡನೇ ಗುಂಪಿನವರ ಸ್ಯಾಚುರೇಶನ್ ಆಕ್ಸಿಜನ್ ಮೇಲೆ 97 ಆದರೆ ನರ್ಸ್ ಖುಷಿಪಡುವುದಿಲ್ಲ, ಎದ್ದು ಹೋಗಿ ಆಕ್ಸಿಜನ್ ಇಳಿಸುತ್ತಾಳೆ. ಅಳತೆ ತಪ್ಪದ ಹಾಗೆ ವೆಂಚುರಿ ಮಾಸ್ಕ್ ಇರುತ್ತದೆ. ನೀಲಿ ಬುಡದ್ದು 24 ಪರ್ಸೆಂಟ್ ಆಕ್ಸಿಜನ್ ಕೊಡುತ್ತದೆ, ಬಿಳಿಯದು 28. ದುಬಾರಿ ಸಾಮಾನೇನೂ ಅಲ್ಲ, ಪ್ಲಾಸ್ಟಿಕ್ ತುಂಡು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಕಟ್ಟುನಿಟ್ಟು ಬೇಕಾ ಅಂತ ಮೊದಲು ನನಗೂ ಅನ್ನಿಸಿತ್ತು. ಆಮೇಲೆ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ನಡೆದ ಪ್ರಯೋಗದ ಬಗ್ಗೆ ಓದಿದೆ. 2010ರಲ್ಲಿ ಅದರ ಫಲಿತಾಂಶ ಅಚ್ಚಾಯಿತು. ಆಂಬುಲೆನ್ಸಿನಲ್ಲಿ ಬಂದ 405 ಉಸಿರಾಟದ ರೋಗಿಗಳಲ್ಲಿ ಒಂದು ಗುಂಪಿಗೆ ಧಾರಾಳವಾಗಿ ಆಕ್ಸಿಜನ್ ಕೊಟ್ಟರು. ಇನ್ನೊಂದು ಗುಂಪಿಗೆ 88ರಿಂದ 92ರ ಒಳಗೆ ಇರುವ ಹಾಗೆ ಅಳೆದು ಕೊಟ್ಟರು. ಧಾರಾಳ ಕೊಟ್ಟವರಲ್ಲಿ ನೂರಕ್ಕೆ 9 ಜನ ಸತ್ತರು. ಅಳೆದು ಕೊಟ್ಟವರಲ್ಲಿ 4. ಅದೇ ಕಾಯಿಲೆ, ಅದೇ ಊರು, ಅದೇ ಸಿಲಿಂಡರ್.

ಇನ್ನು ಕಟ್ಟುವ ವಿಷಯ. ಒಂಬತ್ತು ವರ್ಷದಲ್ಲಿ ನಮ್ಮ ವಾರ್ಡಿನಲ್ಲಿ ಒಬ್ಬರ ಕೈಯನ್ನೂ ಮಂಚಕ್ಕೆ ಕಟ್ಟಿದ್ದು ನಾನು ನೋಡಿಲ್ಲ. ತೀರಾ ಬೇಕಾದಾಗ ಬಾಕ್ಸಿಂಗ್ ಗ್ಲೌಸ್ ತರದ ಮೆತ್ತನೆಯ ಕೈಚೀಲ ಹಾಕುತ್ತೇವೆ. ಕೈ ಆಡಿಸಬಹುದು, ಟ್ಯೂಬ್ ಹಿಡಿದು ಎಳೆಯಲು ಆಗುವುದಿಲ್ಲ. ಅದನ್ನೂ ಇಲ್ಲಿ ಕಟ್ಟುವುದು ಅಂತಲೇ ಲೆಕ್ಕ ಹಾಕುತ್ತಾರೆ. 2005ರ ಮೆಂಟಲ್ ಕೆಪಾಸಿಟಿ ಆಕ್ಟ್ ಪ್ರಕಾರ, ಈ ಮನುಷ್ಯನಿಗೆ ತಾನೇ ತೀರ್ಮಾನ ಮಾಡುವ ಶಕ್ತಿ ಈಗ ಇಲ್ಲ ಅಂತ ಮೊದಲು ಗೊತ್ತಾಗಬೇಕು. ಬಿಟ್ಟರೆ ಅವರಿಗೇ ಅಪಾಯ ಆಗುತ್ತದೆ ಅಂತಿರಬೇಕು. ಅಪಾಯ ಎಷ್ಟೋ ಅಷ್ಟೇ ತಡೆಯಬೇಕು. ಮನೆಯವರಿಗೆ ಹೇಳುತ್ತೇವೆ. ಯಾವಾಗ ಹಾಕಿದೆವು, ಯಾವಾಗ ಬಿಚ್ಚಿ ಚರ್ಮ ನೋಡಿದೆವು, ಎಲ್ಲ ಬರೆಯುತ್ತೇವೆ.

ಎಷ್ಟೊಂದು ಪೇಪರ್ ಅಂತ ಶುರುವಿನಲ್ಲಿ ಬೇಸರ ಆಗುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. 'ಯಾಕೆ' ಅಂತ ಬರೆಯಲು ಪೆನ್ನು ಹಿಡಿದಾಗಲೇ ಕಾರಣ ಹುಡುಕಲು ಶುರುಮಾಡುತ್ತೇವೆ. ಉಸಿರು ಹೇಗಿದೆ? ಜ್ವರ ಇದೆಯಾ? ಮೂತ್ರ ಕಟ್ಟಿದೆಯಾ? ಎಷ್ಟು ದಿನದಿಂದ ಮಲ ಹೋಗಿಲ್ಲ? ರಕ್ತದಲ್ಲಿ ಸೋಡಿಯಂ ಎಷ್ಟು? ಕನ್ನಡಕ ಎಲ್ಲಿ ಹೋಯಿತು? ಅರ್ಧಕ್ಕರ್ಧ ಸಲ ಉತ್ತರ ಅಲ್ಲೇ ಸಿಗುತ್ತದೆ, ಕೈಚೀಲ ಬೇಕಾಗುವುದೇ ಇಲ್ಲ.

ಈ ಬುದ್ಧಿ ಬ್ರಿಟನ್ನಿನವರಿಗೆ ಸುಮ್ಮನೆ ಬರಲಿಲ್ಲ. 1998ರಲ್ಲಿ ನಾರಿಚ್‌ನ ಮಾನಸಿಕ ಆಸ್ಪತ್ರೆಯೊಂದರಲ್ಲಿ ಡೇವಿಡ್ ಬೆನೆಟ್ ಎಂಬುವರನ್ನು ಮುಖ ಕೆಳಗೆ ಮಾಡಿ ಸುಮಾರು 25 ನಿಮಿಷ ಒತ್ತಿ ಹಿಡಿದರು. ಅವರು ಸತ್ತರು. ವಿಚಾರಣೆ ನಡೆಸಿದ ಸಮಿತಿ, ಯಾರನ್ನೂ ಹಾಗೆ ಮೂರು ನಿಮಿಷಕ್ಕಿಂತ ಜಾಸ್ತಿ ಹಿಡಿಯಬಾರದು ಅಂತ ಹೇಳಿತು. 2010ರಲ್ಲಿ ಲಂಡನ್ನಿನಲ್ಲಿ 23 ವರ್ಷದ ಸೆನಿ ಲೂಯಿಸ್ ಅನ್ನುವ ಹುಡುಗ ಇನ್ನೊಂದು ಆಸ್ಪತ್ರೆಗೆ ಸೇರಿದ. ಪೊಲೀಸರು ಬಂದು ಅವನನ್ನು ಹಿಡಿದು ಅದುಮಿದರು. ಅವನು ಉಳಿಯಲಿಲ್ಲ. ಅಪ್ಪ ಅಮ್ಮ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕಾನೂನು ಬಂತು. ಅದನ್ನು ಇವತ್ತಿಗೂ ಸೆನಿ ಕಾನೂನು ಅಂತಲೇ ಕರೆಯುತ್ತಾರೆ. ಮಾನಸಿಕ ಆಸ್ಪತ್ರೆಗಳು ಬಲ ಬಳಸಿದ ಪ್ರತಿ ಸಲದ ಲೆಕ್ಕ ಇಡಲೇಬೇಕು.

ಬ್ರಿಟನ್ನಿನಲ್ಲೂ ತಪ್ಪುಗಳು ಆಗುತ್ತಿವೆ. ಆಕ್ಸಿಜನ್ ಬೇಕಾದವರಿಗೆ ಪಕ್ಕದಲ್ಲೇ ಇರುವ ಬರೀ ಗಾಳಿಯ ಮೀಟರ್‌ಗೆ ನಳಿಕೆ ಹಾಕಿಬಿಟ್ಟ ಪ್ರಕರಣಗಳು ನಡೆದಿವೆ. ಎಂದೂ ಆಗಬಾರದ ತಪ್ಪುಗಳ ಪಟ್ಟಿಗೆ 2018ರಲ್ಲಿ ಅದನ್ನೂ ಸೇರಿಸಿದರು. ಕೈ ಕಟ್ಟದಿದ್ದರೂ ನಿದ್ದೆ ಮದ್ದು ಕೊಟ್ಟು ಮಲಗಿಸಿಬಿಡುವ ಅಭ್ಯಾಸವೂ ಇದೆ. ನನ್ನ ಲೆಕ್ಕದಲ್ಲಿ ಅದೂ ಕಟ್ಟಿದ ಹಾಗೆಯೇ.

ನಮ್ಮ ದೇಶದಲ್ಲಿ ಕಾನೂನು ಇಲ್ಲ ಅಂತಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಬೆಂದುಹೋದರು. 28 ಜನ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ಅದರ 97ನೇ ಸೆಕ್ಷನ್ ಓದಿದರೆ ಖುಷಿಯಾಗುತ್ತದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬಹುದು. ಶಿಕ್ಷೆಯಾಗಿ ಕಟ್ಟುವಂತಿಲ್ಲ. ಸಿಬ್ಬಂದಿ ಕಡಿಮೆ ಅನ್ನುವ ಕಾರಣಕ್ಕೂ ಕಟ್ಟುವಂತಿಲ್ಲ. ಡಾಕ್ಟರ್ ಕಾರಣ ಬರೆಯಬೇಕು. ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು.

ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಇದು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಬರೆದ ಕಾನೂನು. ಉಸಿರು ಕಟ್ಟಿ ಐಸಿಯುನಲ್ಲಿ ಮಲಗಿದ ದೊಡ್ಡಮ್ಮನಿಗೆ ಇದು ತಾಕುವುದಿಲ್ಲ. ಅವಳ ಕೇಸ್ ಶೀಟ್ ಪೂರ್ತಿ ತಿರುವಿದೆ. ಕೈ ಕಟ್ಟಿದ ಬಗ್ಗೆ ಒಂದು ಸಾಲೂ ಇರಲಿಲ್ಲ. ಸೇರಿಸುವ ದಿನ ಅಣ್ಣ ಸಹಿ ಹಾಕಿದ ಇಂಗ್ಲಿಷ್ ಫಾರ್ಮಿನ ಮೂರನೇ ಪುಟದಲ್ಲಿ ಮಾತ್ರ ಅಗತ್ಯ ಬಿದ್ದರೆ ಕಟ್ಟಲು ಒಪ್ಪಿದ್ದೇವೆ ಅಂತ ಇತ್ತು. ಅಣ್ಣ ಅದನ್ನು ಓದಿರಲಿಲ್ಲ. ತಾಯಿ ಏದುಸಿರು ಬಿಡುತ್ತಿರುವಾಗ ಯಾರು ತಾನೇ ಓದುತ್ತಾರೆ?

ಸಿಸ್ಟರ್ ಹತ್ತಿರ ಮಾತಾಡಿದೆ. "ಮಾಸ್ಕ್ ಕಿತ್ಕೊಂಡು ಏನಾದ್ರೂ ಆದ್ರೆ ನೀವೇ ಬಂದು ನಮ್ಮನ್ನ ಬೈತೀರಲ್ವಾ ಮೇಡಂ? ರಾತ್ರಿ ನಾನೊಬ್ಬಳೇ ಇದ್ದೆ" ಅಂದಳು. ಅವಳ ಮೇಲೆ ನನಗೆ ಕೋಪ ಇಲ್ಲ. ನಾನೂ ಹಾಗೇ ಒಬ್ಬಳೇ ನಿಂತಿದ್ದವಳು. ಬ್ರಿಟನ್ನಿನ ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ನಿಯಮ. ನಮ್ಮಲ್ಲಿ ಅಷ್ಟು ಜನ ನಾಳೆಯೇ ಬರುವುದಿಲ್ಲ.

ಆದರೆ ಆ ರಾತ್ರಿ ಐಸಿಯು ಬಾಗಿಲ ಹೊರಗೆ ನಮ್ಮ ಮನೆಯವರೇ ಐದು ಜನ ಚಾಪೆ ಹಾಸಿಕೊಂಡು ಕೂತಿದ್ದರು. ಅಣ್ಣ, ಅತ್ತಿಗೆ, ದೊಡ್ಡಮ್ಮನ ತಂಗಿ, ಇಬ್ಬರು ಮೊಮ್ಮಕ್ಕಳು. ಔಷಧಿ ಚೀಟಿ ಬಂದಾಗ ಓಡಲು ಅವರು ಬೇಕು. ಕೈ ಹಿಡಿದು ಕೂರಲು ಬೇಡ. ಇನ್‌ಫೆಕ್ಷನ್ ಆಗುತ್ತದೆ, ಒಳಗೆ ಬಿಡಲ್ಲ ಅಂದರಂತೆ. ಕೈ ತೊಳೆಸಿ, ಗೌನ್ ಹಾಕಿಸಿ ಒಬ್ಬರನ್ನು ಕೂರಿಸಿದ್ದರೆ ಆ ಗಾಜ್ ಬಟ್ಟೆ ಬೇಕಾಗುತ್ತಿತ್ತಾ? ಗೊತ್ತಿರುವ ದನಿಯಲ್ಲಿ "ಇದು ಆಸ್ಪತ್ರೆ ಕಣವ್ವ, ನಾನಿಲ್ಲೇ ಇದೀನಿ" ಅಂತ ಗಂಟೆಗೆ ಹತ್ತು ಸಲ ಹೇಳಲು ನರ್ಸ್ ಕೈಲಿ ಆಗುವುದಿಲ್ಲ. ತಂಗಿ ಹೇಳುತ್ತಾಳೆ. ಬ್ರಿಟನ್ನಿನಲ್ಲಿ ಮರೆವಿನ ಕಾಯಿಲೆಯವರ ಜೊತೆ ಮನೆಯವರು ಇರಲು ಬಿಡಿ ಅಂತ 2014ರಲ್ಲಿ ಜಾನ್ಸ್ ಕ್ಯಾಂಪೇನ್ ಅನ್ನುವ ಚಳವಳಿಯನ್ನೇ ಮಾಡಬೇಕಾಯಿತು. ನಮ್ಮ ಜನ ಯಾರೂ ಕರೆಯದೆಯೇ ಚಾಪೆ ತಂದು ಕೂರುತ್ತಾರೆ. ಇದೊಂದು ವಿಷಯದಲ್ಲಿ ಲೀಡ್ಸ್‌ಗಿಂತ ನಮ್ಮೂರಿನ ಕೈಯಲ್ಲೇ ಜಾಸ್ತಿ ಇದೆ. ಅದನ್ನು ಬಾಗಿಲ ಹೊರಗೆ ಬಿಟ್ಟಿದ್ದೇವೆ ಅನ್ನುವುದೇ ನನ್ನ ಸಂಕಟ.

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಆದ ಸಾವುಗಳನ್ನು ನಾವ್ಯಾರೂ ಮರೆತಿಲ್ಲ. ಆಗ ನಾನು ಲೀಡ್ಸ್‌ನಲ್ಲಿ ನೈಟ್ ಡ್ಯೂಟಿಯಲ್ಲಿದ್ದೆ, ಸುದ್ದಿ ಓದಿ ಸ್ಟಾಫ್ ರೂಮಿನಲ್ಲಿ ಅತ್ತಿದ್ದೆ. ಆಮೇಲೆ ಎಷ್ಟೋ ಆಸ್ಪತ್ರೆಗಳಿಗೆ ಆಕ್ಸಿಜನ್ ಘಟಕ ಬಂದವು. ಬರಲೇಬೇಕಿತ್ತು. ಆದರೆ ಆ ಭಯದಿಂದ ನಮ್ಮ ಮನಸ್ಸಿನಲ್ಲಿ ಉಳಿದದ್ದು ಆಕ್ಸಿಜನ್ ಎಷ್ಟು ಜಾಸ್ತಿಯಾದರೆ ಅಷ್ಟು ಒಳ್ಳೆಯದು ಅನ್ನುವ ನಂಬಿಕೆ. ಎಷ್ಟು ಬೇಕು ಅಂತ ಬರೆದು ಕೊಡುವ ಅಭ್ಯಾಸ ಅದರ ಜೊತೆ ಬರಲಿಲ್ಲ.

ನಿಮ್ಮ ಮನೆಯವರು ಯಾರಾದರೂ ಸೇರಿದ್ದಾಗ ಇದ್ದಕ್ಕಿದ್ದ ಹಾಗೆ ಗಲಿಬಿಲಿಯಾಗಿ ಮಾಸ್ಕ್ ಕೀಳಲು ಶುರುಮಾಡಿದರೆ ದಯವಿಟ್ಟು ಕೇಳಿ. ಇವರ ಸ್ಯಾಚುರೇಶನ್ ಎಷ್ಟಿರಬೇಕು ಅಂತ ಬರೆದಿದ್ದೀರಾ? ಎಬಿಜಿ ಯಾವಾಗ ಮಾಡಿದಿರಿ? ಕಟ್ಟಲು ಯಾರು ಹೇಳಿದರು, ಎಷ್ಟು ಹೊತ್ತಿಗೆ ಬಿಚ್ಚುತ್ತೀರಿ? ನಮ್ಮಲ್ಲಿ ಒಬ್ಬರು ಪಕ್ಕ ಕೂರಬಹುದಾ? ಮೆತ್ತಗೆ ಕೇಳಿ, ಜಗಳ ಬೇಡ. ನೀವೇ ಮಾಸ್ಕ್ ತೆಗೆಯಲು, ಆಕ್ಸಿಜನ್ ಇಳಿಸಲು ಹೋಗಬೇಡಿ. ಆಕ್ಸಿಜನ್ ಕಡಿಮೆಯಾದಾಗಲೂ ರೋಗಿ ಹೀಗೇ ಚಡಪಡಿಸುತ್ತಾರೆ. ಯಾವುದು ಅಂತ ಡಾಕ್ಟರೇ ನೋಡಿ ಹೇಳಬೇಕು.

ಲೀಡ್ಸ್‌ನಲ್ಲಿ ಇಂಥ ರೋಗಿಗಳಿಗೆ ಮನೆಗೆ ಹೋಗುವಾಗ ಆಕ್ಸಿಜನ್ ಅಲರ್ಟ್ ಕಾರ್ಡ್ ಅಂತ ಕೊಡುತ್ತೇವೆ. ಆಂಬುಲೆನ್ಸಿನವರು ಮೊದಲು ಅದನ್ನು ನೋಡುತ್ತಾರೆ. ದೊಡ್ಡಮ್ಮನನ್ನು ಡಿಸ್ಚಾರ್ಜ್ ಮಾಡಿದ ದಿನ ಆ ಚಿಕ್ಕ ಡಾಕ್ಟರ್ ಕೈಲಿ ಅಂಥದ್ದೇ ಒಂದು ಬರೆಸಿದೆ. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಕನ್ನಡ: ಇವರಿಗೆ ಸಿಒಪಿಡಿ ಇದೆ, ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ಸ್ಯಾಚುರೇಶನ್ 88ರಿಂದ 92ರಲ್ಲಿ ಇಡಿ. ಅವರೇ ಸಹಿ, ಸೀಲು ಹಾಕಿದರು. ಅಣ್ಣ ಲ್ಯಾಮಿನೇಷನ್ ಮಾಡಿಸಿದ. ಈಗ ಅದು ದೊಡ್ಡಮ್ಮನ ಎಲೆ ಅಡಿಕೆ ಚೀಲದಲ್ಲಿದೆ, ಆಧಾರ್ ಕಾರ್ಡಿನ ಜೊತೆ. ನವೆಂಬರಿನಲ್ಲಿ ಮತ್ತೆ ಉಬ್ಬಸ ಬಂದು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಮಾಸ್ಕ್ ಹಿಡಿದು ಬಂದ ಸಿಸ್ಟರ್‌ಗೆ ಅವಳೇ ಅದನ್ನು ತೆಗೆದು ಕೊಟ್ಟಳಂತೆ. ಸಿಸ್ಟರ್ ಎರಡು ಸಲ ಓದಿ, ಡಾಕ್ಟರನ್ನು ಕೇಳಿಕೊಂಡು ಬಂದು, ಮೀಟರ್ ಇಳಿಸಿದರಂತೆ.